ಮಗ ಪೈಲಟ್, ಸಂಘಕ್ಕೆ ಸಹಿ ಹಾಕಲಾ ಅಂತ ಕೇಳುತ್ತಿದ್ದಾನೆ. ಏನು ಹೇಳಲಿ?

ಕೇಶ್ವಾಪುರದವ · ರವಿವಾರ ರಾತ್ರಿ 9.10

ನಮಸ್ಕಾರ್ರೀ ಎಲ್ಲರಿಗೂ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಮಗ ಒಂದು ಖಾಸಗಿ ವಿಮಾನ ಕಂಪನಿಯಲ್ಲಿ ಫಸ್ಟ್ ಆಫೀಸರ್, ಅಂದರೆ ಕ್ಯಾಪ್ಟನ್ ಪಕ್ಕ ಬಲಗಡೆ ಸೀಟಿನ ಸಹ ಪೈಲಟ್. ಯಾವ ಕಂಪನಿ ಅಂತ ಕೇಳಬೇಡಿ. ಅವನನ್ನು ಓದಿಸಲು ಕುಂದಗೋಳ ಕಡೆಯ ಹೊಲದ ಮೇಲೆ ಸಾಲ ಎತ್ತಿದ್ದೇನೆ. ಇನ್ನೂ ಆರು ವರ್ಷ ಕಂತು ಕಟ್ಟಬೇಕು. ಶುಕ್ರವಾರ ಮನೆಗೆ ಬಂದ. ಬಂದವನೇ ಶೂ ಕೂಡ ಬಿಚ್ಚದೆ ದಿವಾನದ ಮೇಲೆ ಅಡ್ಡಾದ. 14 ತಾಸು ಮಲಗಿದ. ಅವರವ್ವ ಎರಡು ಸಲ ಹೋಗಿ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿ ಬಂದಳು.

ಎದ್ದು ರೊಟ್ಟಿ ತಿನ್ನುತ್ತಾ ಫೋನ್ ತೋರಿಸಿದ. ಪೈಲಟ್‌ಗಳ ಸಂಘದ ಸದಸ್ಯತ್ವದ ಫಾರ್ಮು. "ಅಪ್ಪಾಜಿ, ಸಹಿ ಹಾಕಲೇನು?" ಅಂದ. ನನಗೆ ಬಾಯಿಗೆ ಮಾತು ಬರಲಿಲ್ಲ. ನಮ್ಮಪ್ಪ ಮಿಲ್ಲಿನಲ್ಲಿದ್ದವರು. ಕೆಂಪು ಬಾವುಟ ಹಿಡಿದು ಎಷ್ಟು ಸಲ ಗೇಟಿನ ಮುಂದೆ ಕೂತರೋ ಲೆಕ್ಕವಿಲ್ಲ. ಆ ಬಾವುಟ ನಮ್ಮ ಮನೆಯ ಅಟ್ಟದ ಮೇಲೆ ಇನ್ನೂ ಇದೆ, ಮಿಲ್ಲು ಇಲ್ಲ. ಲಕ್ಷಗಟ್ಟಲೆ ಸಂಬಳ ತಗೊಳ್ಳುವವರಿಗೆ ಸಂಘ ಬೇಕಾ? ಸೇರಿದರೆ ಕೆಲಸಕ್ಕೆ ಕುತ್ತು ಬರುತ್ತಾ? ತಿಳಿದವರು ಹೇಳಿ.

ರಾಣೇಬೆನ್ನೂರು ಬೀಜದಂಗಡಿ · 9.25

ಬೇಡವೇ ಬೇಡ ಅಂತ ಹೇಳಿ. 2025ರ ಡಿಸೆಂಬರಿನಲ್ಲಿ ಇಂಡಿಗೋ ವಿಮಾನಗಳು ರದ್ದಾದಾಗ ನಾನು ಹೈದರಾಬಾದಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಎರಡು ದಿನ ಚೀಲವನ್ನೇ ತಲೆದಿಂಬು ಮಾಡಿಕೊಂಡು ನೆಲದ ಮೇಲೆ ಮಲಗಿದೆ. ಕೊನೆಗೆ ಬಸ್ಸಿನಲ್ಲಿ ಬಂದೆ. ಸಂಘ ಗಟ್ಟಿ ಇಲ್ಲದಾಗಲೇ ಪೈಲಟ್‌ಗಳು ಇಷ್ಟು ಆಟ ಆಡಿಸಿದರು, ಇನ್ನು ಸಂಘ ಬಂದರೆ ದೇವರೇ ಗತಿ. ಹುಬ್ಬಳ್ಳಿಯದೇ ಸುದ್ದಿ ನೆನಪಿಲ್ವಾ? ಮದುಮಕ್ಕಳು ಭುವನೇಶ್ವರದಲ್ಲಿ, ಬಂಧುಬಳಗ ಇಲ್ಲಿ. ರಿಸೆಪ್ಷನ್ನಿಗೆ ಬಂದವರು ಪರದೆ ನೋಡಿ ಅಕ್ಷತೆ ಹಾಕಬೇಕಾಯಿತು.

ಎಡಗಡೆ ಸೀಟು · 10.05

ನಾನು ಧಾರವಾಡದವನು, ಕ್ಯಾಪ್ಟನ್. ಬೀಜದಂಗಡಿ ಅಣ್ಣಾವ್ರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ, ಆದರೆ ವಿಳಾಸ ತಪ್ಪಿದೆ. ಡಿಸೆಂಬರಿನದು ಮುಷ್ಕರ ಅಲ್ಲ. ಒಬ್ಬ ಪೈಲಟ್ ಕೂಡ ಕೆಲಸ ಬಿಟ್ಟು ಕೂತಿರಲಿಲ್ಲ.

ಹೊಸ ಡ್ಯೂಟಿ ನಿಯಮವನ್ನು ಡಿಜಿಸಿಎ, ಅಂದರೆ ವಿಮಾನಯಾನ ನಿಯಂತ್ರಿಸುವ ಕೇಂದ್ರದ ಇಲಾಖೆ, 2024ರ ಜನವರಿಯಲ್ಲೇ ಹೊರಡಿಸಿತ್ತು. ಅದೇ ಜೂನ್ 1ಕ್ಕೆ ಜಾರಿ ಆಗಬೇಕಿತ್ತು. ಕಂಪನಿಗಳು ಆಗಲ್ಲ ಅಂದವು, ಮುಂದಕ್ಕೆ ಹೋಯಿತು. ಪೈಲಟ್ ಸಂಘಗಳು ದೆಹಲಿ ಹೈಕೋರ್ಟಿನಲ್ಲಿ ಪಟ್ಟು ಹಿಡಿದವು. ಕೊನೆಗೆ 2025ರ ಜುಲೈ 1ಕ್ಕೆ ಒಂದಷ್ಟು, ನವೆಂಬರ್ 1ಕ್ಕೆ ಉಳಿದದ್ದು ಅಂತ ಗೊತ್ತಾಯಿತು. ವಾರದ ವಿಶ್ರಾಂತಿ 36 ತಾಸಿನಿಂದ 48ಕ್ಕೆ ಏರಿತು. ರಾತ್ರಿ ಅಂದರೆ 12ರಿಂದ 5 ಅಂತಿದ್ದದ್ದು 6ರವರೆಗೆ ಆಯಿತು. ಒಂದು ರಾತ್ರಿ ಡ್ಯೂಟಿಯಲ್ಲಿ 6 ಲ್ಯಾಂಡಿಂಗ್ ಮಾಡಿಸಬಹುದಿತ್ತು, ಈಗ 2. ದಿನಾಂಕ ಎಲ್ಲರಿಗೂ ಗೊತ್ತಿತ್ತು. ಆದರೂ ಇಂಡಿಗೋ ಹತ್ತಿರ ಅದಕ್ಕೆ ಬೇಕಾದಷ್ಟು ಪೈಲಟ್‌ಗಳು ಇರಲಿಲ್ಲ. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಜಾಸ್ತಿ ವಿಮಾನ ರದ್ದಾದವು. ಆಗ ಡಿಜಿಸಿಎ ಏನು ಮಾಡಿತು? ಅದೇ ಕಂಪನಿಗೆ ರಾತ್ರಿಯ ನಿಯಮದಿಂದ ಫೆಬ್ರವರಿ 10ರವರೆಗೆ ವಿನಾಯಿತಿ ಕೊಟ್ಟಿತು.

ಮದುವೆ ಊಟಕ್ಕೆ ಎಷ್ಟು ಜನ ಬರುತ್ತಾರೆ ಅಂತ ಎರಡು ವರ್ಷ ಮೊದಲೇ ಗೊತ್ತಿತ್ತು. ಅಕ್ಕಿ ತರಲಿಲ್ಲ. ಈಗ ಅಡಿಗೆಯವನ ಮೇಲೆ ಕೋಪ ಮಾಡಿಕೊಂಡರೆ ಹೇಗೆ?

ರಾಣೇಬೆನ್ನೂರು ಬೀಜದಂಗಡಿ · 10.12

ಸರಿ, ಅಷ್ಟು ಗೊತ್ತಿರಲಿಲ್ಲ. ಆದರೂ ನೆಲದ ಮೇಲೆ ಮಲಗಿದ್ದು ನಾನು.

ಲೋಕೋ ಕಾಕಾ · 10.50

ತಮ್ಮಾ ಕೇಶ್ವಾಪುರ, ಹುಬ್ಬಳ್ಳಿಯಲ್ಲಿ ಪೈಲಟ್ ಅಂದರೆ ಮೊದಲು ನಾವು. ವಿಮಾನದವರು ಆಮೇಲೆ ಬಂದರು. ನಾನು ರಿಟೈರ್ಡ್ ಲೋಕೋ ಪೈಲಟ್. ಮೀಟರ್ ಗೇಜ್ ಸ್ಟೀಮ್ ಎಂಜಿನ್ನಿಗೆ ಕಲ್ಲಿದ್ದಲು ಎತ್ತಿ ಹಾಕುವುದರಿಂದ ಶುರು ಮಾಡಿದವನು.

ನಿನ್ನ ಮಗ ಶೂ ಬಿಚ್ಚದೆ ಮಲಗಿದ ಅಂದೆಯಲ್ಲ, ಅದು ಓದಿ ನನಗೆ ನಮ್ಮನ್ನು ಡ್ಯೂಟಿಗೆ ಎಬ್ಬಿಸಲು ಬರುತ್ತಿದ್ದ ಕಾಲ್ ಬಾಯ್ ನೆನಪಾದ. ಆಗ ಫೋನ್ ಇರಲಿಲ್ಲ. ರಾತ್ರಿ ಎರಡಕ್ಕೆ ಸೈಕಲ್ ಮೇಲೆ ಬಂದು ಕ್ವಾರ್ಟರ್ಸ್ ಬಾಗಿಲು ದಬದಬ ಬಡಿಯುತ್ತಿದ್ದ. ಕಂಕುಳಲ್ಲಿ ಕಾಲ್ ಬುಕ್, ಕೈಯಲ್ಲಿ ಬ್ಯಾಟರಿ. ಕಣ್ಣು ಮುಚ್ಚಿಕೊಂಡೇ ಸಹಿ ಮಾಡುತ್ತಿದ್ದೆ. ಸಹಿ ಮಾಡಿದೆ ಅಂದರೆ ನೀನು ಎಚ್ಚರ ಇದ್ದೀ ಅಂತ ದಾಖಲೆ. ಆಮೇಲೆ ಸಾಮಾನಿನ ಲೈನ್ ಬಾಕ್ಸ್ ಎತ್ತಿಕೊಂಡು ಡ್ಯೂಟಿ ಹಾಜರಿಯ ಲಾಬಿಗೆ ನಡೆ. ಕ್ಯಾಸಲ್‌ರಾಕ್ ಘಾಟಿ 37 ಅಡಿಗೆ 1 ಅಡಿ ಇಳಿಜಾರು. ಹಿಂದೆ ಭರ್ತಿ ಗೂಡ್ಸ್. ಅಲ್ಲಿ ಒಂದು ಸಲ ತೂಕಡಿಸಿದರೆ ಎರಡನೇ ಸಲ ತೂಕಡಿಸಲು ಯಾರೂ ಇರಲ್ಲ.

ಸಂಘ ಏನು ಕೊಟ್ಟಿತು ಅಂತ ಕೇಳು. 1973ರಲ್ಲಿ ಲೋಕೋ ಸಿಬ್ಬಂದಿ ಮುಷ್ಕರ ಹೂಡಿದರು. 10 ತಾಸಿಗಿಂತ ಜಾಸ್ತಿ ಡ್ಯೂಟಿ ಬೇಡ ಅಂತ ಸರ್ಕಾರ ಒಪ್ಪಿತು. ಅದಕ್ಕೂ ಮೊದಲು ಹೊತ್ತು ಗೊತ್ತಿಲ್ಲದ ಡ್ಯೂಟಿ. ಮರುವರ್ಷ, 1974ರ ಮೇ 8ಕ್ಕೆ, ಜಾರ್ಜ್ ಫರ್ನಾಂಡಿಸ್ ಮುಂದಾಳತ್ವದಲ್ಲಿ ದೇಶದ ರೈಲೇ ನಿಂತಿತು. 20 ದಿನ. ಸಾವಿರಾರು ಜನ ಜೈಲಿಗೆ ಹೋದರು. ನಮ್ಮಪ್ಪ ಆಗ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್. 20 ದಿನ ಅಣ್ಣಿಗೇರಿ ಹತ್ತಿರ ಸೋದರಮಾವನ ಹೊಲದಲ್ಲಿ ಅಡಗಿದ್ದರು. ಕೈಗೆ ಏನೂ ಸಿಗಲಿಲ್ಲ, ಮುಷ್ಕರ ಮುರಿದುಬಿತ್ತು. ರೈಲ್ವೆಯವರಿಗೆ ಬೋನಸ್ ಬಂದದ್ದು 1979ರಲ್ಲಿ. ಅದು ಆ 20 ದಿನದ ಫಲ ಅಂತ ನಮ್ಮಪ್ಪ ಸಾಯುವತನಕ ಹೇಳುತ್ತಿದ್ದರು.

10 ತಾಸು ಅಂತ ಕಾಗದದಲ್ಲಿ ಬಂದ ಮೇಲೂ ನಾನು 14 ತಾಸು ಎಂಜಿನ್ ಮೇಲೆ ಕೂತದ್ದುಂಟು. ಆದರೆ ಕಾಗದ ಇದ್ದದ್ದಕ್ಕೆ ಜಗಳ ಆಡಲು ಬಂತು.

ಬೆಟಗೇರಿ ಪ್ರೆಸ್ · 11.20

ಕಾಕಾ, ನಿಮ್ಮ ಮಾತು ರೈಲಿಗೆ ಸರಿ. ರೈಲು ಮುಚ್ಚುವುದಿಲ್ಲ. ವಿಮಾನ ಕಂಪನಿ ಬೀಡಾ ಅಂಗಡಿಯ ಹಾಗೆ, ಇವತ್ತು ಇದ್ದದ್ದು ನಾಳೆ ಬಾಗಿಲು ಹಾಕಿರುತ್ತದೆ. ಕಿಂಗ್‌ಫಿಷರ್ 2012ರಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ಕ್ಕೆ. ಗೋ ಫಸ್ಟ್ 2023ರ ಮೇನಲ್ಲಿ.

ಜೆಟ್‌ನದೇ ನೋಡಿ. 2009ರಲ್ಲಿ ಪೈಲಟ್‌ಗಳು ಸಂಘ ಕಟ್ಟಿದರು, ನ್ಯಾಷನಲ್ ಏವಿಯೇಟರ್ಸ್ ಗಿಲ್ಡ್ ಅಂತ. ಕಟ್ಟಿದವರಲ್ಲಿ ಕೆಲವರನ್ನು ಕಂಪನಿ ಕೆಲಸದಿಂದ ತೆಗೆಯಿತು. ಸೆಪ್ಟೆಂಬರಿನಲ್ಲಿ ನೂರಾರು ಪೈಲಟ್‌ಗಳಿಗೆ ಒಂದೇ ದಿನ ಜ್ವರ ಬಂತು! ನಾಲ್ಕೈದು ದಿನದಲ್ಲಿ ಕಂಪನಿ ಬಗ್ಗಿತು, ತೆಗೆದವರನ್ನು ವಾಪಸ್ ಕರೆಯಿತು. ಗೆದ್ದರು, ನಿಜ. ಹತ್ತು ವರ್ಷದ ಮೇಲೆ ಕಂಪನಿಯೇ ಮುಳುಗಿತು. ತಿಂಗಳುಗಟ್ಟಲೆ ಸಂಬಳ ಬಾಕಿ. ಆಗ ಸಂಘ ಏನು ಮಾಡಿತು? ಮನವಿ ಬರೆಯಿತು. ನಾನು ನನ್ನ ಪ್ರೆಸ್ಸಿನಲ್ಲಿ ಹನ್ನೆರಡು ಜನಕ್ಕೆ ಸಂಬಳ ಕೊಡುವವನು. ಗಲ್ಲೆಯಲ್ಲಿ ದುಡ್ಡಿಲ್ಲದಾಗ ಯಾವ ಸಂಘಕ್ಕೂ ದುಡ್ಡು ಹುಟ್ಟಿಸಲು ಬರಲ್ಲ.

ಎಡಗಡೆ ಸೀಟು · 11.35

ಒಪ್ಪಿದೆ. ಆ ಭ್ರಮೆ ನನಗೂ ಇಲ್ಲ. ನನ್ನ ಗೆಳೆಯರೇ ಇಬ್ಬರು ಆ ಕಾಲದಲ್ಲಿ ಮನೆ ಮಾರಿದರು.

ಸಂಘದ ತಪ್ಪೂ ಇದೆ, ಬಚ್ಚಿಡಬಾರದು. 2012ರಲ್ಲಿ ಏರ್ ಇಂಡಿಯಾದ ಇಂಡಿಯನ್ ಪೈಲಟ್ಸ್ ಗಿಲ್ಡ್ 58 ದಿನ ಮುಷ್ಕರ ಮಾಡಿತು. ಯಾಕೆ ಗೊತ್ತಾ? ಹೊಸ ಡ್ರೀಮ್‌ಲೈನರ್ ವಿಮಾನದ ಟ್ರೇನಿಂಗ್ ಏರ್ ಇಂಡಿಯಾದಲ್ಲಿ ವಿಲೀನವಾದ ಹಳೆಯ ಇಂಡಿಯನ್ ಏರ್‌ಲೈನ್ಸ್ ಪೈಲಟ್‌ಗಳಿಗೂ ಕೊಡುತ್ತಾರೆ ಅಂತ. ಪೈಲಟ್‌ಗಳ ವಿರುದ್ಧ ಪೈಲಟ್‌ಗಳು. ಸುಮಾರು ನೂರು ಜನರನ್ನು ವಜಾ ಮಾಡಿದರು, ಸಂಘದ ಮಾನ್ಯತೆ ರದ್ದಾಯಿತು. ಕೊನೆಗೆ ಹೈಕೋರ್ಟಿನಲ್ಲಿ ಕೆಲಸಕ್ಕೆ ಬರುತ್ತೇವೆ ಅಂತ ಹೇಳಿ ಬಂದರು. ಜನರಿಗೆ ನೆನಪಿರುವುದು ಇದೇ. ನಮ್ಮ ಮೇಲೆ ಸಿಟ್ಟು ಇದ್ದರೆ ಆಶ್ಚರ್ಯ ಏನು?

ಕಂಡಕ್ಟರ್ ಗೋಕುಲ ರೋಡ್ · ಸೋಮವಾರ ಬೆಳಿಗ್ಗೆ 6.15

ಡ್ಯೂಟಿಗೆ ಹೋಗುವ ಮುಂಚೆ ಎರಡು ಮಾತು. 2021ರ ಏಪ್ರಿಲಿನಲ್ಲಿ ಸಾರಿಗೆ ಮುಷ್ಕರ ಆಯಿತಲ್ಲ, ಆರನೇ ವೇತನ ಆಯೋಗದ ಸಂಬಳ ಕೊಡಿ ಅಂತ, ಎರಡು ವಾರ ನಡೆಯಿತು. ಸರ್ಕಾರ ಖಾಸಗಿ ಬಸ್ಸುಗಳನ್ನು ನಮ್ಮ ನಿಲ್ದಾಣದ ಒಳಗೇ ತಂದು ನಿಲ್ಲಿಸಿತು. ನಮ್ಮ ಪ್ಲಾಟ್‌ಫಾರ್ಮಿನಲ್ಲಿ ನಿಂತು "ಗದಗ, ಗದಗ" ಅಂತ ಬೇರೆಯವರು ಕೂಗುವುದು ಕೇಳಿ ಹೊಟ್ಟೆ ಉರಿಯಿತು. ಹೈಕೋರ್ಟ್ ಹೇಳಿದ ಮೇಲೆ ವಾಪಸ್ ಹೋದೆವು. ವರ್ಗಾವಣೆ, ವಜಾ ಎಲ್ಲಾ ಆದವು. ಕೇಳಿದ್ದು ಬರಲಿಲ್ಲ.

ಆಗ ಕಲಿತದ್ದು: ಬಸ್ಸಿಗೆ ಬದಲಿ ಬಸ್ ಸಿಗುತ್ತದೆ. ಪೈಲಟ್‌ಗೆ ಬದಲಿ ಪೈಲಟ್ ಅಷ್ಟು ಸುಲಭಕ್ಕೆ ಸಿಗಲ್ಲ. ಅವರ ಕೈಯಲ್ಲಿ ನಮಗಿಂತ ಜಾಸ್ತಿ ಬಲ ಇದೆ.

ಎಡಗಡೆ ಸೀಟು · 7.40

ಕಂಡಕ್ಟರ್ ಅಣ್ಣಾ, ಹಾಗಂತ ನಂಬಿ ಕೆಟ್ಟವರಿದ್ದಾರೆ. 1989, ಆಸ್ಟ್ರೇಲಿಯಾ. ಪೈಲಟ್‌ಗಳು ನೂರಕ್ಕೆ ಸುಮಾರು 30ರಷ್ಟು ಸಂಬಳ ಹೆಚ್ಚಳ ಕೇಳಿದರು. ಬೇರೆ ಎಲ್ಲ ಕೆಲಸಗಾರರೂ ಆಗ 6ಕ್ಕೆ ಒಪ್ಪಿಕೊಂಡಿದ್ದರು. ಪೈಲಟ್‌ಗಳು ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಮಾತ್ರ ಹಾರಿಸುತ್ತೇವೆ ಅಂದರು. ಕಂಪನಿಗಳು ಕೋರ್ಟಿಗೆ ಹೋದಾಗ ಸಾವಿರದ ಆರು ನೂರಕ್ಕೂ ಜಾಸ್ತಿ ಜನ ಒಟ್ಟಿಗೆ ರಾಜೀನಾಮೆ ಕೊಟ್ಟರು. ನಾವಿಲ್ಲದೆ ಹೇಗೆ ಹಾರಿಸುತ್ತೀರಿ ನೋಡೋಣ ಅಂತ. ಸರ್ಕಾರ ವಾಯುಪಡೆಯ ವಿಮಾನ ಇಳಿಸಿತು, ಹೊರಗಿನಿಂದ ವಿಮಾನ, ಪೈಲಟ್ ತರಿಸಿತು. ಸಂಘ ನೆಲಕಚ್ಚಿತು. ತುಂಬಾ ಜನಕ್ಕೆ ಆ ದೇಶದಲ್ಲಿ ಮತ್ತೆ ಕೆಲಸವೇ ಸಿಗಲಿಲ್ಲ. ತಮಾಷೆ ಏನಂದರೆ ಆಗಿನ ಪ್ರಧಾನಿ ಬಾಬ್ ಹಾಕ್ ಕಾರ್ಮಿಕ ಸಂಘಗಳ ಒಕ್ಕೂಟದ ಅಧ್ಯಕ್ಷನಾಗಿದ್ದವನು. ಅಮೆರಿಕದಲ್ಲಿ 1981ರಲ್ಲಿ 11,000ಕ್ಕೂ ಜಾಸ್ತಿ ಏರ್ ಟ್ರಾಫಿಕ್ ಕಂಟ್ರೋಲರ್‌ಗಳನ್ನು ಒಂದೇ ಏಟಿಗೆ ಮನೆಗೆ ಕಳಿಸಿದ ರೇಗನ್ ಕೂಡ ಒಂದು ಕಾಲಕ್ಕೆ ನಟರ ಸಂಘದ ಅಧ್ಯಕ್ಷ. ಸಂಘದ ಒಳಗುಟ್ಟು ಬಲ್ಲವರೇ ಸಂಘ ಮುರಿಯುವುದರಲ್ಲಿ ಗಟ್ಟಿಗರು!

ಮಾಳಮಡ್ಡಿ ವಕೀಲ · 9.30

ಕಾನೂನಿನ ಪ್ರಶ್ನೆಗೆ ಬರೋಣ. ಸಂಘ ಕಟ್ಟುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಮುಷ್ಕರ ಮಾಡುವುದು ಮೂಲಭೂತ ಹಕ್ಕು ಅಲ್ಲ, ಸುಪ್ರೀಂ ಕೋರ್ಟ್ ಇದನ್ನು ಹಲವು ಸಲ ಹೇಳಿದೆ. ಜನ ಈ ಎರಡನ್ನೂ ಕಲಸಿಬಿಡುತ್ತಾರೆ. ಸದಸ್ಯತ್ವಕ್ಕೆ ಸಹಿ ಹಾಕಿದ ಮಾತ್ರಕ್ಕೆ ಯಾರನ್ನೂ ಕೆಲಸದಿಂದ ತೆಗೆಯಲು ಬರುವುದಿಲ್ಲ. ಹೊರಗೆ ಬೇರೆ ಕಾರಣ ತೋರಿಸಿ ಒಳಗೆ ಕಿರಿಕಿರಿ ಕೊಡುವುದು ಬೇರೆ ಮಾತು.

ಪೈಲಟ್ ಅಂದರೆ ಅಧಿಕಾರಿ, ಕಾರ್ಮಿಕ ಅಲ್ಲ ಅಂತ ಕಂಪನಿಗಳು ಮೊದಲಿಂದ ವಾದ ಮಾಡುತ್ತವೆ. ದೆಹಲಿ ಹೈಕೋರ್ಟ್ 2024ರಲ್ಲಿ ಪೈಲಟ್‌ಗಳನ್ನು 'ವರ್ಕ್‌ಮನ್' ಅಂತಲೇ ಒಪ್ಪಿತು. ಸಂಬಳ ಎಷ್ಟು ಅನ್ನುವುದಕ್ಕಿಂತ ಮಾಡುವ ಕೆಲಸ ಯಾವ ಬಗೆಯದು ಅನ್ನುವುದು ಮುಖ್ಯ.

ಈಗ ಆಟದ ನಿಯಮ ಬದಲಾಗಿದೆ. ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಲ್ಲಿವೆ. ಮುಷ್ಕರಕ್ಕೆ 14 ದಿನದ ನೋಟಿಸ್ ಕೊಡಬೇಕು. ಅರ್ಧಕ್ಕರ್ಧ ಜನ ಒಟ್ಟಿಗೆ ಕ್ಯಾಶುವಲ್ ಲೀವ್ ಹಾಕಿದರೆ ಅದೂ ಮುಷ್ಕರವೇ. ಅಂದರೆ ಬೆಟಗೇರಿಯವರು ಹೇಳಿದ ಆ ಸಾಮೂಹಿಕ ಜ್ವರ ಇನ್ನು ಮುಂದೆ ಅಷ್ಟು ಸಲೀಸಲ್ಲ. ಆದರೆ ಇನ್ನೊಂದು ಕಡೆ, ಶೇಕಡ 51ರಷ್ಟು ನೌಕರರು ಸದಸ್ಯರಾದರೆ ಆ ಸಂಘದ ಜೊತೆಗೇ ಕಂಪನಿ ಮಾತುಕತೆಗೆ ಕೂರಬೇಕು. ಹತ್ತು ಜನ ಗಲಾಟೆ ಮಾಡುವುದಕ್ಕಿಂತ ಸಾವಿರ ಜನ ಸುಮ್ನೆ ಸಹಿ ಹಾಕುವುದು ಈಗ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಬೆಟಗೇರಿ ಪ್ರೆಸ್ · 9.50

ಇಷ್ಟವಿಲ್ಲದಿದ್ದರೆ ಬೇರೆ ಕಂಪನಿಗೆ ಹೋಗಬಹುದಲ್ಲ? ನನ್ನ ಮಷಿನ್ ಮನ್ ಹೋದ ವರ್ಷ ಹೇಳದೆ ಕೇಳದೆ ಹುಬ್ಬಳ್ಳಿಗೆ ಹೋದ. ನಾನೇನು ಅವನನ್ನು ಕಟ್ಟಿಹಾಕಿದೆನಾ?

ಮಾಳಮಡ್ಡಿ ವಕೀಲ · 9.58

ಪೈಲಟ್‌ಗಳನ್ನು ಕಟ್ಟಿಹಾಕಿದ್ದಾರೆ! 2017ರ ಡಿಜಿಸಿಎ ನಿಯಮದ ಪ್ರಕಾರ ಕೆಲಸ ಬಿಡಲು ಕಮಾಂಡರ್, ಅಂದರೆ ಕ್ಯಾಪ್ಟನ್, ಒಂದು ವರ್ಷ ಮೊದಲೇ ನೋಟಿಸ್ ಕೊಡಬೇಕು, ಫಸ್ಟ್ ಆಫೀಸರ್ ಆರು ತಿಂಗಳು. ಬಿಟ್ಟು ಹೋಗುವ ದಾರಿ ಕಿರಿದಾದಾಗಲೇ ಒಳಗೆ ಕೂತು ಮಾತಾಡುವ ದಾರಿ ಬೇಕಾಗುವುದು.

ಬೆಟಗೇರಿ ಪ್ರೆಸ್ · 10.01

ಒಂದು ವರ್ಷವಾ? ಇದು ನನಗೆ ಹೊಸದು.

ನೈಟ್ ಡ್ಯೂಟಿ ಅಕ್ಕ · ಮಧ್ಯಾಹ್ನ 2.20

ಹಾವೇರಿಯವಳು, ನರ್ಸ್. ಈಗ ಎದ್ದೆ. ಎಲ್ಲರೂ ದುಡ್ಡು, ಕಾನೂನು ಮಾತಾಡುತ್ತಿದ್ದೀರಿ. ನಾನು ನಿದ್ದೆ ಬಗ್ಗೆ ಹೇಳುತ್ತೇನೆ.

ಸತತ ಐದನೇ ರಾತ್ರಿ. ಬೆಳಗಿನ ನಾಲ್ಕು ಗಂಟೆ. ಸಿರಿಂಜಿಗೆ ಔಷಧಿ ಎಳೆದುಕೊಂಡೆ. ಟ್ರೇ ಮೇಲೆ ಇಟ್ಟೆ. ಮತ್ತೆ ನೋಡುತ್ತೇನೆ, ಎಳೆದದ್ದು ಯಾವ ಬಾಟಲಿಯಿಂದ ಅಂತ ನೆನಪಿಲ್ಲ. ಎರಡು ಬಾಟಲಿಯೂ ಎದುರಿಗಿವೆ. ಅದನ್ನು ಚೆಲ್ಲಿ ಹೊಸದಾಗಿ ತುಂಬಿದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಮೆಮೋ ಬರುತ್ತದೆ.

2010ರ ಮೇ 22, ಮಂಗಳೂರು. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು, 8 ಜನ ಉಳಿದರು. ಕ್ಯಾಪ್ಟನ್ ದಾರಿಯುದ್ದಕ್ಕೂ ತುಂಬಾ ಹೊತ್ತು ನಿದ್ದೆಯಲ್ಲಿದ್ದರು, ಇಳಿಯುವ ಮುಂಚೆ ಎದ್ದರು, ನಿದ್ದೆಯ ಮಂಪರು ಬಿಟ್ಟಿರಲಿಲ್ಲ ಅಂತ ತನಿಖೆಯಲ್ಲಿ ಬಂತು. ಅದನ್ನು ಪೇಪರಿನಲ್ಲಿ ಓದಿದಾಗ ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ನನ್ನ ಟ್ರೇ ನೆನಪಾಯಿತು.

ಕೇಶ್ವಾಪುರದ ಕಾಕಾ, ನಿಮ್ಮ ಮಗನನ್ನು ಒಂದೇ ಒಂದು ಕೇಳಿ. "ನನಗೆ ಸುಸ್ತಾಗಿದೆ, ಇವತ್ತು ಹಾರಿಸಲ್ಲ" ಅಂತ ಹೇಳಿದರೆ ಏನಾಗುತ್ತದೆ?

ಎಡಗಡೆ ಸೀಟು · ಸಂಜೆ 5.10

ಅಕ್ಕಾ, ಗುರಿ ಸರಿಯಾಗಿ ಹೊಡೆದಿರಿ. ಉತ್ತರ ನಾನು ಹೇಳುತ್ತೇನೆ. ಕಾಗದದಲ್ಲಿ ಏನೂ ಆಗುವುದಿಲ್ಲ. ಸುಸ್ತಾಗಿದೆ ಅಂತ ಬರೆದು ಕೊಡುವ ಫಟೀಗ್ ರಿಪೋರ್ಟ್ ಹಾಕುವುದು ನಮ್ಮ ಹಕ್ಕು, ಕರ್ತವ್ಯ ಕೂಡ.

ಹಲವು ವರ್ಷದ ಹಿಂದೆ ಬೇರೆ ಕಡೆ ಇದ್ದಾಗಿನ ಮಾತು. ನಾಲ್ಕು ರಾತ್ರಿ ಆದ ಮೇಲೆ, ಬೆಳಗಿನ ಜಾವ, ಇಳಿಯಲು 20 ನಿಮಿಷ ಇತ್ತು. ಜೊತೆಗಿದ್ದ ಹುಡುಗ ಚೆಕ್‌ಲಿಸ್ಟ್ ಓದಿದ, ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ. ಎರಡು ನಿಮಿಷ ಆದ ಮೇಲೆ ನಾನೇ ಕೇಳಿದೆ, "ಚೆಕ್‌ಲಿಸ್ಟ್ ಓದಲ್ವಾ?" ಅವನು ನನ್ನ ಮುಖ ನೋಡಿದ. ಮಾರನೇ ದಿನ ಫಟೀಗ್ ರಿಪೋರ್ಟ್ ಹಾಕಿದೆ. ಎರಡು ದಿನಕ್ಕೆ ಆಫೀಸಿನಿಂದ ಕರೆ ಬಂತು. ಮೇಜಿನ ಆ ಕಡೆ ಮೂವರು, ಈ ಕಡೆ ನಾನೊಬ್ಬನೇ. ಯಾರೂ ಗದರಿಸಲಿಲ್ಲ, ಚಹಾ ಕೊಟ್ಟರು. "ಮನೆಯಲ್ಲಿ ಎಲ್ಲಾ ಆರಾಮಾ? ಆರೋಗ್ಯ ಸರಿ ಇದೆಯಾ? ಮೆಡಿಕಲ್ ಮಾಡಿಸೋಣವಾ?" ಅಂದರು. ಮೆಡಿಕಲ್ ಅಂದರೆ ಲೈಸೆನ್ಸಿನ ಮಾತು ಅಂತ ಪೈಲಟ್ ಆದವನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಎರಡು ವರ್ಷ ನಾನು ಒಂದೂ ರಿಪೋರ್ಟ್ ಹಾಕಲಿಲ್ಲ.

ನನ್ನ ಮಟ್ಟಿಗೆ ಸಂಘ ಅಂದರೆ ಆ ಕೋಣೆಯಲ್ಲಿ ನನ್ನ ಪಕ್ಕಕ್ಕೆ ಒಂದು ಕುರ್ಚಿ, ಅದರಲ್ಲಿ ನಿಯಮ ಬಲ್ಲ ಒಬ್ಬ ಮನುಷ್ಯ. ಸಂಬಳ, ಮುಷ್ಕರ ಎಲ್ಲಾ ಆಮೇಲೆ.

ಲೋಕೋ ಕಾಕಾ · 5.45

ಹೌದು ನೋಡು! ಅದನ್ನೇ ನಾನು ನಿನ್ನೆ ಬರೆಯಲು ಮರೆತೆ. ನಮಗೆ ಎಸ್‌ಎಫ್-11, ಎಸ್‌ಎಫ್-5 ಅಂತ ಚಾರ್ಜ್‌ಶೀಟು. 11 ಅಂದರೆ ಸಣ್ಣದು, 5 ಅಂದರೆ ರೊಟ್ಟಿಗೇ ಕಲ್ಲು. ಒಮ್ಮೆ ನನಗೆ 5 ಬಂತು. ರೆಸ್ಟ್ ಪೂರ್ತಿ ಆಗಿಲ್ಲ, ಗಾಡಿ ತಗೊಳ್ಳಲ್ಲ ಅಂದಿದ್ದೆ. ವಿಚಾರಣೆಗೆ ನನ್ನ ಪರ ಬಂದವರು ಯೂನಿಯನ್ನಿನ ಹಿರಿಯರೊಬ್ಬರು. ಕಾಲಿಗೆ ಹವಾಯಿ ಚಪ್ಪಲಿ, ಕಂಕುಳಲ್ಲಿ ರೂಲ್ ಬುಕ್. ಒಂದೇ ಪುಟ ತೆಗೆದು ಓದಿದರು. ಸಾಹೇಬರು ಕನ್ನಡಕ ಒರೆಸಿಕೊಂಡರು. ಕೇಸ್ ಮುಗಿಯಿತು.

ಆದರೆ ಇವತ್ತಿಗೂ ಲೋಕೋ ಹುಡುಗರು ವಾರದ ವಿಶ್ರಾಂತಿ 30 ತಾಸಿಗೆ ದಿನದ 16 ತಾಸು ಕೂಡಿಸಿ 46 ಕೊಡಿ ಅಂತ ಕೇಳುತ್ತಲೇ ಇದ್ದಾರೆ. 1973ರಿಂದ ಲೆಕ್ಕ ಹಾಕು. ಇದು ಬಿ.ಟಿ. ಹತ್ತಿ ಅಲ್ಲ, ಮಾವಿನ ಗಿಡ. ನಿನ್ನ ಮಗನಿಗೆ ಅದನ್ನೂ ಹೇಳು.

ರಾಣೇಬೆನ್ನೂರು ಬೀಜದಂಗಡಿ · 6.30

ಬೀಜದ ಮಾತು ಬಂತು ಅಂತ ಮತ್ತೆ ಬಂದೆ. ಹೊರದೇಶದಲ್ಲಿ ಪೈಲಟ್ ಸಂಘದವರು ಭಾರಿ ಸಂಬಳ ಏರಿಸಿಕೊಂಡರು ಅಂತ ಓದಿದ್ದೆ. ಅದು ಕೊನೆಗೆ ಟಿಕೆಟ್ ಮೇಲೇ ಬೀಳುವುದು ತಾನೆ?

ಎಡಗಡೆ ಸೀಟು · 8.15

ಸ್ವಲ್ಪ ಬೀಳುತ್ತದೆ, ಇಲ್ಲ ಅನ್ನಲ್ಲ. ಅಮೆರಿಕದ ಡೆಲ್ಟಾ ಪೈಲಟ್‌ಗಳು 2023ರಲ್ಲಿ ನಾಲ್ಕು ವರ್ಷಕ್ಕೆ ಶೇಕಡ 34ರಷ್ಟು ಹೆಚ್ಚಳ ಪಡೆದರು. ಆದರೆ ಸಂಘ ಇತ್ತು ಅಂತ ಮಾತ್ರ ಸಿಗಲಿಲ್ಲ. ಕೋವಿಡ್ ಆದ ಮೇಲೆ ಪೈಲಟ್‌ಗಳ ಕೊರತೆ ಇತ್ತು, ವಿಮಾನ ತುಂಬಿ ಹೋಗುತ್ತಿದ್ದವು. ಸಂಘ 1931ರಿಂದಲೂ ಇದೆ, ಕೆಟ್ಟ ಕಾಲದಲ್ಲಿ ಇದೇ ಸಂಘ ಸಂಬಳ ಇಳಿಸಲೂ ಸಹಿ ಹಾಕಿದೆ. ಮಳೆ ಬಂದಾಗ ಬಿತ್ತಲು ಕೂರಿಗೆ ಸಿದ್ಧ ಇರಬೇಕು, ಅಷ್ಟೇ. ಕೂರಿಗೆ ಮಳೆ ತರಿಸಲ್ಲ.

ಲೋಕೋ ಕಾಕಾಗೆ ಒಂದು ಖುಷಿಯ ಸುದ್ದಿ. ಅಲ್ಲಿ ಪೈಲಟ್‌ಗಳ ಮಾತುಕತೆ, ಮುಷ್ಕರ ಎಲ್ಲಾ ನಡೆಯುವ ಕಾನೂನಿನ ಹೆಸರು ರೈಲ್ವೆ ಲೇಬರ್ ಆಕ್ಟ್, 1926ರದ್ದು. ಮೊದಲು ರೈಲಿನವರಿಗೆ ಮಾಡಿದ್ದು, 1936ರಲ್ಲಿ ವಿಮಾನದವರನ್ನೂ ಸೇರಿಸಿದರು.

ನಿದ್ದೆಯ ವಿಷಯಕ್ಕೆ ಬಂದರೆ, 2009ರಲ್ಲಿ ಅಮೆರಿಕದ ಬಫಲೋ ಊರಿನ ಹತ್ತಿರ ಕೋಲ್ಗನ್ ಕಂಪನಿಯ ಸಣ್ಣ ವಿಮಾನ ಬಿದ್ದು 50 ಜನ ಸತ್ತರು. ಇಬ್ಬರೂ ಪೈಲಟ್‌ಗಳು ದಣಿದಿದ್ದರು. ಸತ್ತವರ ಮನೆಯವರು ವರ್ಷಗಟ್ಟಲೆ ಸಂಸತ್ತಿನ ಬಾಗಿಲು ಬಡಿದರು, ಪೈಲಟ್ ಸಂಘ ಜೊತೆಗೆ ನಿಂತಿತು. 2014ರಲ್ಲಿ ಹೊಸ ವಿಶ್ರಾಂತಿ ನಿಯಮ ಜಾರಿಗೆ ಬಂತು. ಆದರೂ ಸರಕು ವಿಮಾನದ ಪೈಲಟ್‌ಗಳನ್ನು ಅದರಿಂದ ಹೊರಗಿಟ್ಟರು. ಡಬ್ಬಿಗಳಿಗೆ ಮನೆಯವರು ಇರಲ್ಲ ನೋಡಿ, ಬಾಗಿಲು ಬಡಿಯಲು.

ಲೋಕೋ ಕಾಕಾ · 8.20

ರೈಲ್ವೆ ಆಕ್ಟಾ! ಹೇಳಿದೆನಲ್ಲ, ಪೈಲಟ್ ಅಂದರೆ ಮೊದಲು ನಾವು.

ಕೇಶ್ವಾಪುರದವ · ಬುಧವಾರ ರಾತ್ರಿ 10.30

ಎಲ್ಲರದೂ ಓದಿದೆ. ಮನೆಯವಳಿಗೂ ಓದಿ ಹೇಳಿದೆ. ಹಾವೇರಿ ತಂಗಿ ಬರೆದದ್ದನ್ನು ಎರಡು ಸಲ ಓದಿಸಿದಳು.

ನಿನ್ನೆ ರಾತ್ರಿ ಮಗ ಫೋನ್ ಮಾಡಿದ್ದ, ಲೇಓವರ್ ಹೋಟೆಲಿನಿಂದ. ಸುಸ್ತು ಅಂತ ಹೇಳಿದರೆ ಏನಾಗುತ್ತದಪ್ಪಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಕ್ಯಾಪ್ಟನ್ ಆಗುವವರ ಅಪ್‌ಗ್ರೇಡ್ ಲಿಸ್ಟಿನಲ್ಲಿದ್ದೀನಿ ಅಪ್ಪಾಜಿ, ಈಗ ಹೇಳಲ್ಲ" ಅಂದ. ಎಷ್ಟು ಸಲ ಹೇಳಬೇಕು ಅನ್ನಿಸಿತ್ತು ಅಂತ ಕೇಳಿದೆ. ಉತ್ತರ ಕೊಡಲಿಲ್ಲ, ಅವ್ವನಿಗೆ ಫೋನ್ ಕೊಡು ಅಂದ. ಅವಳು ಬೇರೇನೂ ಕೇಳಲಿಲ್ಲ. "ಆ ಫಾರ್ಮಿಗೆ ಸಹಿ ಮಾಡಿ ಮಲಗು" ಅಂದಳು.

ಮುಷ್ಕರ ಗಿಷ್ಕರಕ್ಕೆ ಮುಂದೆ ನುಗ್ಗಬೇಡ, ಕಂತು ಇನ್ನೂ ಆರು ವರ್ಷ ಇದೆ ಅಂತ ನಾನು ಸೇರಿಸಿದೆ. ನಕ್ಕ. ಹೋದ ವಾರವೇ ಸಹಿ ಮಾಡಿದ್ದನಂತೆ. ನನ್ನನ್ನು ಕೇಳಿದ್ದು ಸುಮ್ನೆ.

ಲೋಕೋ ಕಾಕಾ · 10.41

ಚಂದಾ ರಸೀದಿ ಜೋಪಾನ ಇಟ್ಟುಕೊಳ್ಳಲು ಹೇಳು ತಮ್ಮಾ. ನನ್ನ ಮೊದಲನೆಯದು ಇನ್ನೂ ಟ್ರಂಕಿನಲ್ಲಿದೆ.

ಕೇಶ್ವಾಪುರದವ · 10.44

ಈಗ ರಸೀದಿ ಎಲ್ಲಿ ಕಾಕಾ. ಫೋನ್‌ಪೇ ಮಾಡಿದ್ದಾನಂತೆ.